ಕಕ್ಕ ಗಟ್ಟಿಯಾದಾಗ: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಮಲಬದ್ಧತೆಯ ಕುರಿತೇ ಇವೆ. ಬರೆದವರೆಲ್ಲ ದಿನ ಎಣಿಸಿದ್ದಾರೆ: ಮೂರು ದಿನವಾಯ್ತು, ಐದು ದಿನವಾಯ್ತು. ಎಷ್ಟು ಗಟ್ಟಿಯಿತ್ತು, ಹೋಗುವಾಗ ನೋವಾಯಿತೇ ಎಂದು ತಿಳಿಸಿದವರು ಕಡಿಮೆ. ನಾವು ಮೊದಲು ಕೇಳುವುದು ಅದನ್ನೇ. ಎರಡು ದಿನಕ್ಕೊಮ್ಮೆ ಮೆತ್ತಗೆ ಹೋಗುವ ಮಗುವಿಗೆ ಮಲಬದ್ಧತೆ ಇಲ್ಲ. ದಿನಾ ನಾಲ್ಕು ಹಿಕ್ಕೆ ಹಾಕಿ ಅಳುವ ಮಗುವಿಗೆ ಇದೆ.

ಪ್ರಶ್ನೆ: ಮಗುವಿಗೆ ಎರಡೂವರೆ ತಿಂಗಳು, ಎದೆಹಾಲು ಮಾತ್ರ. ಮೊದಲು ದಿನಕ್ಕೆ ಐದಾರು ಸಲ ಮಾಡುತ್ತಿತ್ತು, ಈಗ ಆರು ದಿನದಿಂದ ಇಲ್ಲ. ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ ಅತ್ತೆ. ಹಾಕಬಹುದೇ? (ಬಾಣಂತಿ, ಶಿರಸಿ)

ಬೇಡ. ಎದೆಹಾಲು ಬಹುಪಾಲು ಜೀರ್ಣವಾಗಿಬಿಡುತ್ತದೆ, ಹೊರಹೋಗಲು ಉಳಿಯುವುದೇ ಸ್ವಲ್ಪ. ಆರು ವಾರ ಕಳೆದ ಮೇಲೆ ಬರೀ ಎದೆಹಾಲು ಕುಡಿಯುವ ಕೆಲವು ಮಕ್ಕಳು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಮಾಡುವುದೂ ಉಂಟು. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆಯೇ, ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದೆಯೇ, ಹೊಟ್ಟೆ ಮೆತ್ತಗಿದೆಯೇ, ಹೂಸು ಬಿಡುತ್ತಿದೆಯೇ, ತೂಕ ಏರುತ್ತಿದೆಯೇ ನೋಡಿ. ಇವಿಷ್ಟು ಸರಿಯಿದ್ದು, ಕೊನೆಗೆ ಬಂದದ್ದು ಹಳದಿಯಾಗಿ ಮೆತ್ತಗಿದ್ದರೆ ಮಾಡಬೇಕಾದದ್ದು ಏನೂ ಇಲ್ಲ. ಏನೂ ಮಾಡದೆ ಕೂರುವುದು ಮನೆ ತುಂಬ ಹಿರಿಯರಿರುವಲ್ಲಿ ಕಷ್ಟ ಎಂಬುದು ಗೊತ್ತು.

ವೀಳ್ಯದೆಲೆ ತೊಟ್ಟಿಗೆ ಒಳ್ಳೆಯ ಹೆಸರು ಬಂದಿರುವುದಕ್ಕೆ ಕಾರಣವಿದೆ. ಗುದದ್ವಾರಕ್ಕೆ ಏನು ತಾಗಿದರೂ ಅಲ್ಲಿನ ಸ್ನಾಯು ಸಡಿಲಗೊಂಡು ಮಲ ಹೊರಬರುತ್ತದೆ. ಕೆಲಸ ಮಾಡಿದ್ದು ತೊಟ್ಟಲ್ಲ, ಮುಟ್ಟಿದ್ದು. ಆದರೆ ಶಿಶುವಿನ ಗುದದ ಒಳಪದರ ಬಹಳ ತೆಳು; ಕತ್ತರಿಸಿದ ತೊಟ್ಟಿನ ಅಂಚು ಗೀರುತ್ತದೆ, ಸೋಂಕು ತಗಲುತ್ತದೆ. ಪದೇ ಪದೇ ಮಾಡಿದರೆ ಹೊರಗಿನಿಂದ ಯಾರಾದರೂ ಮುಟ್ಟುವ ತನಕ ಮಗು ಕಾಯಲು ಕಲಿಯುತ್ತದೆ. ತೊಟ್ಟಿನ ಬದಲು ಸೋಪಿನ ಚೂರು ಇಡುವುದು ಇನ್ನೂ ಕೆಟ್ಟದ್ದು, ಅದರ ಕ್ಷಾರ ಒಳಪದರವನ್ನು ಉರಿಸುತ್ತದೆ. ಹರಳೆಣ್ಣೆಯನ್ನು ಬಾಯಿಗೆ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನೂ ಬಿಡಿ: ಕರುಳನ್ನು ಹಿಂಡಿ ಭೇದಿ ಮಾಡಿಸುತ್ತದೆ, ಅಳುವ ಮಗುವಿಗೆ ಕುಡಿಸುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗುತ್ತದೆ. ಆರು ತಿಂಗಳ ತನಕ ನೀರು, ಗ್ರೈಪ್ ವಾಟರ್ ಯಾವುದೂ ಬೇಕಿಲ್ಲ.

ಒಂದು ಎಚ್ಚರ. ಮೇಲೆ ಹೇಳಿದ್ದು ಆರು ವಾರ ದಾಟಿದ ಮಕ್ಕಳಿಗೆ. ಮೊದಲ ತಿಂಗಳಲ್ಲಿ ಎದೆಹಾಲಿನ ಮಗು ದಿನಕ್ಕೆ ಹಲವು ಸಲ ಮಾಡಬೇಕು. ಆಗಲೇ ಎರಡು ಮೂರು ದಿನ ಇಲ್ಲವೆಂದರೆ ಹಾಲು ಸಾಲುತ್ತಿಲ್ಲದಿರಬಹುದು. ಮಗುವನ್ನು ತೂಕ ಮಾಡಿಸಿ, ಎದೆಗೆ ಸರಿಯಾಗಿ ಬಾಯಿ ಹಾಕುತ್ತಿದೆಯೇ ಎಂದು ದಾದಿಯರಿಂದ ನೋಡಿಸಿ.

ಪ್ರಶ್ನೆ: ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದರೆ ಹೊಟ್ಟೆ ಸಡಿಲವಾಗುತ್ತದಂತೆ? (ತುಮಕೂರು)

ಒಂದು ವರ್ಷ ತುಂಬುವ ತನಕ ಜೇನು ತೋರಿಸಲೂಬೇಡಿ. ಜೇನಿನಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅವು ಏನೂ ಮಾಡವು, ಶಿಶುವಿನ ಕರುಳಿನಲ್ಲಿ ಮೊಳೆತು ನರಗಳನ್ನು ನಿಷ್ಕ್ರಿಯಗೊಳಿಸುವ ವಿಷ ತಯಾರಿಸುತ್ತವೆ. ಈ ಕಾಯಿಲೆ ಅಪರೂಪ, ಆದರೆ ಬಂದಾಗ ಅದರ ಮೊದಲ ಲಕ್ಷಣ ಬಹುತೇಕ ಮಲಬದ್ಧತೆಯೇ. ನಂತರ ರೆಪ್ಪೆ ಜೋಲುತ್ತದೆ, ಅಳು ಕ್ಷೀಣವಾಗುತ್ತದೆ, ಕತ್ತು ನಿಲ್ಲುವುದಿಲ್ಲ.

ಪ್ರಶ್ನೆ: ನಲವತ್ತು ದಿನದ ಮಗು. ಕಾಲು ಗಂಟೆ ಮುಖ ಕೆಂಪು ಮಾಡಿ, ಕಿರುಚಿ, ಮುಕ್ಕಿ, ಕೊನೆಗೆ ನೀರಿನಂಥ ಕಕ್ಕ ಮಾಡುತ್ತದೆ. ಇಷ್ಟು ಮೆತ್ತಗಿರುವುದಕ್ಕೆ ಇಷ್ಟು ಒದ್ದಾಟ ಏಕೆ? (ಮೈಸೂರು)

ಹೊಟ್ಟೆಯಿಂದ ಒತ್ತುವುದು, ಅದೇ ಗಳಿಗೆಯಲ್ಲಿ ಕೆಳಗಿನ ಸ್ನಾಯುವನ್ನು ಬಿಡುವುದು ಎರಡನ್ನೂ ಕೂಡಿಸಿ ಮಾಡಬೇಕು. ಮಗುವಿಗೆ ಇನ್ನೂ ಅದು ಕೂಡಿಬಂದಿಲ್ಲ, ಒತ್ತುವಾಗ ಮುಚ್ಚಿಕೊಳ್ಳುತ್ತಿದೆ. ಅಳುವುದರಿಂದ ಹೊಟ್ಟೆಯ ಒತ್ತಡ ಏರುತ್ತದೆ, ಅದಕ್ಕೇ ಅಳು. ಇದು ಕಾಯಿಲೆಯಲ್ಲ, ಔಷಧ ಬೇಡ, ಥರ್ಮಾಮೀಟರ್ ತುದಿಯಿಂದ ಕೆಣಕುವುದೂ ಬೇಡ. ಕೆಲವು ವಾರಗಳಲ್ಲಿ ತಾನೇ ಕಲಿಯುತ್ತದೆ. ಮೊಣಕಾಲುಗಳನ್ನು ಹೊಟ್ಟೆಯ ಕಡೆಗೆ ಮಡಚಿ ಹಿಡಿದರೆ ಸ್ವಲ್ಪ ಸುಲಭ.

ಪ್ರಶ್ನೆ: ಎಂಟು ತಿಂಗಳ ಮಗು. ಡಬ್ಬಿ ಹಾಲು, ಮೂರು ಹೊತ್ತು ರಾಗಿ ಸರಿ. ಸರಿ ಶುರುಮಾಡಿದ ಮೇಲೆ ಆಡಿನ ಹಿಕ್ಕೆಯ ಹಾಗೆ ಹೋಗುತ್ತಿದೆ. ರಾಗಿ ಉಷ್ಣವಾಯಿತೇ? (ಚನ್ನರಾಯಪಟ್ಟಣ)

ಮೊದಲು ಹಾಲಿನ ಡಬ್ಬಿಯಿಂದ ಆರಂಭಿಸೋಣ, ಅಲ್ಲಿ ಆಗುವ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಲ್ಲಿ ಸಿಗುವ ಹೆಚ್ಚಿನ ಪುಡಿಗಳಿಗೆ 30 ಮಿ.ಲೀ. ನೀರಿಗೆ ಒಂದು ಸಮತಟ್ಟಾದ ಚಮಚ ಅಳತೆ. ನಿಮ್ಮ ಡಬ್ಬಿಯ ಮೇಲೆ ಏನಿದೆಯೋ ಅದೇ ಅಂತಿಮ. ಕಾಯಿಸಿ ಆರಿಸಿದ ನೀರನ್ನು ಮೊದಲು ಅಳೆದು, ಆಮೇಲೆ ಪುಡಿ ಹಾಕಿ. ಪುಡಿ ಹಾಕಿ ಮೇಲೆ ನೀರು ತುಂಬಿಸಿದರೆ ನೀರು ಕಡಿಮೆಯಾಗುತ್ತದೆ. ಚಮಚದಲ್ಲಿ ಪುಡಿ ಗೋಪುರ ಕಟ್ಟಿರುವುದು, ಒತ್ತಿ ತುಂಬುವುದು, ಮಗು ದಪ್ಪವಾಗಲಿ ಎಂದು ಒಂದು ಚಮಚ ಹೆಚ್ಚು ಹಾಕುವುದು ಎಲ್ಲವೂ ಮಲವನ್ನು ಗಟ್ಟಿ ಮಾಡುತ್ತವೆ. ಹಾಗೆಂದು ತೆಳು ಮಾಡಬೇಡಿ, ಅದು ಇನ್ನೂ ಅಪಾಯ.

ಇನ್ನು ರಾಗಿ. ಇಡೀ ರಾಗಿಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 11 ಗ್ರಾಂ ನಾರು ಇರುತ್ತದೆ, ಬಿಳಿ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ರಾಗಿ ಹೊಟ್ಟೆ ಕಟ್ಟಬಾರದು. ಆದರೆ ಸರಿಗೆ ನಾವು ಏನು ಮಾಡುತ್ತೇವೆ? ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬಿಳಿ ಪಂಚೆಯಲ್ಲಿ ವಸ್ತ್ರಗಾಳಿತ ಹಿಡಿಯುತ್ತೇವೆ. ಬಟ್ಟೆಯ ಮೇಲೆ ಉಳಿದು ಕಸಕ್ಕೆ ಹೋಗುವ ತೌಡಿನಲ್ಲೇ ನಾರಿನ ಹೆಚ್ಚಿನ ಪಾಲು ಇತ್ತು. ಮೊದಲ ಒಂದೆರಡು ತಿಂಗಳು ನುಂಗಲು ಸುಲಭವಾಗಲೆಂದು ಹಾಗೆ ಮಾಡುವುದು ಸರಿಯೇ. ಎಂಟು ಒಂಬತ್ತು ತಿಂಗಳಿಗೆ ಬಟ್ಟೆ ಬಿಟ್ಟು ಸಣ್ಣ ಕಣ್ಣಿನ ಜರಡಿಗೆ ಬನ್ನಿ. ತಪ್ಪು ರಾಗಿಯದಲ್ಲ, ಮೂರೂ ಹೊತ್ತು ಅದೊಂದೇ ಆಗಿರುವುದು.

ಒಂದು ಹೊತ್ತು ಸರಿ ಸಾಕು. ಇನ್ನೊಂದು ಹೊತ್ತು ಹೆಸರುಬೇಳೆ, ಸೊಪ್ಪು, ಅನ್ನ ಕೂಡಿಸಿ ನುರಿದು ಕೊಡಿ. ನಡುವೆ ಪರಂಗಿ ಅಥವಾ ಪೇರ್ ಹಣ್ಣಿನ ತಿರುಳು ಎರಡರಿಂದ ನಾಲ್ಕು ದೊಡ್ಡ ಚಮಚ. ಪೇರ್ ಮತ್ತು ಒಣಗಿದ ಪ್ಲಮ್ ಹಣ್ಣಿನಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆ ಇದೆ. ಅದು ಪೂರ್ತಿ ಜೀರ್ಣವಾಗದೆ ಕರುಳಿನಲ್ಲಿ ನೀರು ಹಿಡಿದಿಡುತ್ತದೆ. ಒಣದ್ರಾಕ್ಷಿಯಾದರೆ ಎಂಟು ಹತ್ತನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಸಿಪ್ಪೆ ಸಮೇತ ನುಣ್ಣಗೆ ಅರೆದು ಕೊಡಿ. ನೆನೆಸಿದ ನೀರನ್ನಷ್ಟೇ ಕೊಟ್ಟು ಹಣ್ಣು ಎಸೆದರೆ ನಾರು ಎಸೆದಂತೆ. ಇಡಿಯ ದ್ರಾಕ್ಷಿ ಗಂಟಲಿಗೆ ಸಿಕ್ಕುತ್ತದೆ, ಕೊಡಕೂಡದು. ಊಟದ ಜೊತೆ ಲೋಟದಿಂದ ಗುಟುಕು ಗುಟುಕಾಗಿ ದಿನಕ್ಕೆ 60 ರಿಂದ 120 ಮಿ.ಲೀ. ನೀರು.

ಒಂದೆರಡು ವಾರ ಹೀಗೆ ಮಾಡಿಯೂ ಹಿಕ್ಕೆಯೇ ಬಂದರೆ ವೈದ್ಯರನ್ನು ಕಾಣಿ. ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್ ಬರೆಯುತ್ತಾರೆ. ಗುದದೊಳಗೆ ಇಡುವ ಗ್ಲಿಸರಿನ್ ಬತ್ತಿ ಎಂದಾದರೊಮ್ಮೆ, ಮಲ ಗುದದ್ವಾರಕ್ಕೆ ಬಂದು ಸಿಕ್ಕಿಕೊಂಡಾಗ, ವೈದ್ಯರು ಹೇಳಿದರೆ ಮಾತ್ರ; ವಾರದ ಅಭ್ಯಾಸವಾಗಬಾರದು.

ಪ್ರಶ್ನೆ: ಬಾಳೆಹಣ್ಣು ಹೊಟ್ಟೆ ಕಟ್ಟುತ್ತದೋ ಬಿಡಿಸುತ್ತದೋ? (ಕುಂದಾಪುರ)

ಪೂರ್ತಿ ಕಳಿತದ್ದು ಕಟ್ಟುವುದಿಲ್ಲ. ಹಸಿರು ಬಿಡದ ಕಾಯಿಯಲ್ಲಿ ಜೀರ್ಣವಾಗದ ಪಿಷ್ಟ ಹೆಚ್ಚು. ಕರಾವಳಿಯಲ್ಲಿ ಶಿಶುಗಳಿಗೆ ಕಾಯಿಸಿ ಕೊಡುವ ನೇಂದ್ರ ಬಾಳೆಕಾಯಿ ಹುಡಿಯ ಮಣ್ಣಿಯಿಂದ ಕೆಲವು ಮಕ್ಕಳಿಗೆ ಗಟ್ಟಿಯಾಗುತ್ತದೆ. ಮಲಬದ್ಧತೆ ಇರುವಾಗ ಅದಕ್ಕೆ ವಿರಾಮ ಕೊಡಿ.

ಪ್ರಶ್ನೆ: ಎರಡು ವರ್ಷದ ಮಗ ಅನ್ನ ಮುಟ್ಟುವುದಿಲ್ಲ, ದಿನಕ್ಕೆ ಒಂದು ಲೀಟರ್ ಹಸುವಿನ ಹಾಲು ಬಾಟಲಿಯಲ್ಲಿ ಕುಡಿಯುತ್ತಾನೆ. ವಾರಕ್ಕೆ ಎರಡೇ ಸಲ, ಕಲ್ಲಿನಂತೆ. (ಹಾಸನ)

ಅನ್ನ ಮುಟ್ಟದ್ದಕ್ಕೆ ಹಾಲು ಕೊಡುತ್ತಿದ್ದೇವೆ ಎಂದು ನೀವು ತಿಳಿದಿದ್ದೀರಿ. ಹಾಲು ಕೊಡುತ್ತಿರುವುದಕ್ಕೇ ಅನ್ನ ಮುಟ್ಟುತ್ತಿಲ್ಲ. ಹಾಲಿನಲ್ಲಿ ನಾರು ಸೊನ್ನೆ, ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಈ ವಯಸ್ಸಿಗೆ 400 ರಿಂದ 500 ಮಿ.ಲೀ. ಮೇಲೆ ಬೇಡ. ಬಾಟಲಿ ನಿಲ್ಲಿಸಿ ಲೋಟಕ್ಕೆ ಬದಲಿಸಿದರೆ ಪ್ರಮಾಣ ತಾನಾಗಿ ಇಳಿಯುತ್ತದೆ. ಊಟಕ್ಕೆ ಮುಂಚಿನ ಎರಡು ಗಂಟೆ ಹಾಲು ಕೊಡಬೇಡಿ. ಮೂರು ನಾಲ್ಕು ದಿನ ರಂಪ ಇರುತ್ತದೆ. ಹಿಮೋಗ್ಲೋಬಿನ್ ಕೂಡ ನೋಡಿಸಿ.

ಕೆಲವೇ ಮಕ್ಕಳಿಗೆ ಹಾಲಿನ ಪ್ರೊಟೀನಿನ ಅಲರ್ಜಿಯಿಂದಲೂ ಮಲಬದ್ಧತೆ ಬರುತ್ತದೆ. ಔಷಧಕ್ಕೆ ಬಗ್ಗದಿದ್ದರೆ ವೈದ್ಯರು ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಪನೀರ್ ಎಲ್ಲವನ್ನೂ ಬಿಡಿಸಿ ನೋಡಬಹುದು. ನೀವೇ ಶುರುಮಾಡಿ ತಿಂಗಳುಗಟ್ಟಲೆ ಮುಂದುವರಿಸಬೇಡಿ.

ಪ್ರಶ್ನೆ: ಮೂರು ವರ್ಷದ ಮಗಳು ಕಕ್ಕ ಬಂದಾಗ ಬಾಗಿಲ ಹಿಂದೆ ಹೋಗಿ ತುದಿಗಾಲಲ್ಲಿ ನಿಂತು, ಕಾಲು ಹೆಣೆದುಕೊಂಡು ತಿಣುಕುತ್ತಾಳೆ. ನಾಲ್ಕೈದು ದಿನಕ್ಕೊಮ್ಮೆ ದಪ್ಪನೆಯ ಗಟ್ಟಿ ಮಲ, ಮೇಲೆ ರಕ್ತದ ಗೆರೆ. ವಾರಕ್ಕೊಮ್ಮೆ ಭೇದಿಗೆ ಕೊಡುತ್ತೇವೆ. ಎರಡು ದಿನ ಸರಿ, ಮತ್ತೆ ಅದೇ ಕಥೆ. (ದಾವಣಗೆರೆ)

ಅವಳು ತಿಣುಕುತ್ತಿಲ್ಲ, ತಡೆಯುತ್ತಿದ್ದಾಳೆ. ಹೊರಹಾಕಲು ಬಯಸುವ ಮಗು ಕುಕ್ಕರಗಾಲಲ್ಲಿ ಕೂರುತ್ತದೆ. ಕಾಲು ಹೆಣೆದು, ಕುಂಡೆ ಬಿಗಿದು, ತುದಿಗಾಲಲ್ಲಿ ನಿಲ್ಲುವುದು ಬಂದದ್ದನ್ನು ಒಳಕ್ಕೆ ತಳ್ಳುವ ಭಂಗಿ. ಈ ಒಂದು ವಿಷಯ ಅರ್ಥವಾದರೆ ಉಳಿದ ಚಿಕಿತ್ಸೆ ಏಕೆ ಹೀಗಿದೆ ಎಂಬುದು ತಾನೇ ತಿಳಿಯುತ್ತದೆ.

ಎಂದೋ ಒಮ್ಮೆ ನೋವಾಗಿದೆ. ಜ್ವರ ಬಂದು ನೀರು ಕುಡಿಯದ ವಾರ, ದೂರದ ಪ್ರಯಾಣ, ಅವಸರದಲ್ಲಿ ಶುರುಮಾಡಿದ ಕಕ್ಕಸು ಅಭ್ಯಾಸ, ಕಾರಣ ಯಾವುದೂ ಇರಬಹುದು. ನೋವಾದ ಮಗು ಮುಂದಿನ ಸಲ ತಡೆಯುತ್ತದೆ. ತಡೆದಷ್ಟೂ ದೊಡ್ಡ ಕರುಳು ಮಲದ ನೀರನ್ನು ಹೀರುತ್ತದೆ, ಮಲ ಗಟ್ಟಿಯಾಗುತ್ತದೆ, ದಪ್ಪವಾಗುತ್ತದೆ, ಗುದದ ಅಂಚು ಸೀಳುತ್ತದೆ. ನೀವು ಕಾಣುವ ಕೆಂಪು ಗೆರೆ ಆ ಸೀಳಿನದು. ಭಯ ದುಪ್ಪಟ್ಟಾಯಿತು. ವಾರಕ್ಕೊಮ್ಮೆ ಭೇದಿ ಮಾಡಿಸಿದಾಗ ಹೊಟ್ಟೆ ಹಿಂಡಿ, ಸೀಳಿನ ಮೇಲೆ ಉರಿದು, ‘ಕಕ್ಕ ಅಂದರೆ ನೋವು’ ಎಂಬ ಅವಳ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ. ಬೇಕಾದದ್ದು ಒಂದು ದಿನದ ಶುದ್ಧಿಯಲ್ಲ. ಪ್ರತಿ ಸಲವೂ ನೋವಿಲ್ಲದೆ ಹೋಗುವ ಹಲವು ತಿಂಗಳು.

ಅದಕ್ಕೆ ನೀರು ಹಿಡಿದಿಟ್ಟು ಮಲ ಮೆತ್ತಗಿಡುವ ಔಷಧ ದಿನಾ ಬೇಕು. ವರ್ಷ ದಾಟಿದ ಮಕ್ಕಳಿಗೆ ಮೊದಲ ಆಯ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಸಾಮಾನ್ಯ ಆರಂಭ ದಿನಕ್ಕೆ ಕೆ.ಜಿ.ಗೆ 0.4 ಗ್ರಾಂ, ಅಂದರೆ 14 ಕೆ.ಜಿ. ಮಗುವಿಗೆ ಐದೂವರೆ ಗ್ರಾಮಿನಷ್ಟು; ಮಲ ನೋಡಿಕೊಂಡು 0.2 ರಿಂದ 0.8 ರ ನಡುವೆ ವೈದ್ಯರು ಏರಿಳಿಸುತ್ತಾರೆ. ಲ್ಯಾಕ್ಟುಲೋಸ್ ಕೂಡ ಕೆಲಸ ಮಾಡುತ್ತದೆ, ಹೊಟ್ಟೆಯಲ್ಲಿ ವಾಯು ಸ್ವಲ್ಪ ಹೆಚ್ಚು. ಕೊಲೊನೋಸ್ಕೋಪಿಗೆ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಮುಂಚೆ ದೊಡ್ಡವರು ಕುಡಿಯುವ ದೊಡ್ಡ ಪೊಟ್ಟಣದಲ್ಲೂ ಇದೇ ಹೆಸರಿನ ಪುಡಿ ಇರುತ್ತದೆ. ಅಂಗಡಿಯಲ್ಲಿ ಅದನ್ನು ಕೊಟ್ಟರೆ ವಾಪಸು ಮಾಡಿ. ಕನಿಷ್ಠ ಎರಡು ತಿಂಗಳು, ಅದರಲ್ಲೂ ಎಲ್ಲ ತೊಂದರೆ ಹೋಗಿ ಪೂರ್ತಿ ಒಂದು ತಿಂಗಳಾದ ಮೇಲೆಯೇ ಪ್ರಮಾಣ ಇಳಿಸಬೇಕು, ಅದೂ ನಿಧಾನವಾಗಿ. ಹತ್ತನೇ ದಿನಕ್ಕೆ ‘ಸರಿಹೋಯ್ತು’ ಎಂದು ನಿಲ್ಲಿಸುವುದೇ ಕಾಯಿಲೆ ಮರಳುವುದಕ್ಕೆ ದೊಡ್ಡ ಕಾರಣ.

ಸೀಳಿಗೆ: ದಿನಕ್ಕೆ ಎರಡು ಸಲ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿಸಿ, ಉಜ್ಜದೆ ಬಟ್ಟೆಯನ್ನು ಮೆಲ್ಲಗೆ ಒತ್ತಿ ಒರೆಸಿ, ವ್ಯಾಸಲೀನ್ ಸವರಿ. ರಕ್ತ ಮಲದೊಳಗೆ ಬೆರೆತಿದ್ದರೆ, ಲೋಳೆ ಇದ್ದರೆ ಅದು ಸೀಳಿನದಲ್ಲ, ತೋರಿಸಬೇಕು.

ಕಕ್ಕಸಿನ ಅಭ್ಯಾಸವನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ಡೈಪರಿನಲ್ಲೇ ಮಾಡುತ್ತೇನೆಂದರೆ ಮಾಡಲಿ. ಎಲ್ಲಿ ಮಾಡಿದಳು ಎನ್ನುವುದಕ್ಕಿಂತ ಮಾಡಿದಳು ಎಂಬುದು ಮುಖ್ಯ. ಕೆಲವು ವಾರ ನೋವಿಲ್ಲದೆ ಹೋದ ಮೇಲೆ, ತಿಂಡಿ ಅಥವಾ ಊಟವಾದ ಕೂಡಲೇ ಐದರಿಂದ ಹತ್ತು ನಿಮಿಷ ಕೂರಿಸಿ. ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಪಾದಕ್ಕೆ ಆಧಾರ ಬೇಕು. ವೆಸ್ಟರ್ನ್ ಕಮೋಡಿನ ಮೇಲೆ ಕಾಲು ಜೋತಾಡುತ್ತಿದ್ದರೆ ಒತ್ತಲು ಬಲ ಸಿಗದು, ಬೀಳುವ ಭಯ ಬೇರೆ. ಮಕ್ಕಳ ಸೀಟು ಹಾಕಿ, ಕಾಲಡಿಗೆ ಮಂಡಿ ಸೊಂಟಕ್ಕಿಂತ ಮೇಲೆ ಬರುವಷ್ಟು ಎತ್ತರದ ಮಣೆ ಅಥವಾ ಸ್ಟೂಲ್ ಇಡಿ. ಪೀಪಿಯನ್ನೋ ಬಲೂನನ್ನೋ ಊದಲು ಕೊಡಿ. ಊದುವಾಗ ಹೊಟ್ಟೆ ತಾನಾಗಿ ಒತ್ತುತ್ತದೆ. ಮೆಚ್ಚುಗೆ ಕೂತದ್ದಕ್ಕೆ, ಫಲಿತಾಂಶಕ್ಕಲ್ಲ.

ನಾರಿನ ಲೆಕ್ಕ ಸುಲಭ: ಮಗುವಿನ ವಯಸ್ಸಿಗೆ ಐದು ಕೂಡಿಸಿದಷ್ಟು ಗ್ರಾಂ. ಮೂರು ವರ್ಷಕ್ಕೆ ಎಂಟು. ಅರ್ಧ ಸೀಬೆಹಣ್ಣಿನಲ್ಲಿ ನಾಲ್ಕು ಗ್ರಾಂ, 30 ಗ್ರಾಂ ರಾಗಿಹಿಟ್ಟಿನ ಚಿಕ್ಕ ರೊಟ್ಟಿ ಅಥವಾ ಮುದ್ದೆಯಲ್ಲಿ ಮೂರು, ಒಂದು ಹಿಡಿ ಸೊಪ್ಪಿನ ಹುಳಿಯಲ್ಲಿ ಉಳಿದದ್ದು ಬಂತು. ಇದಕ್ಕೆ ಮೀರಿ ಇಸಬ್‌ಗೋಲ್ ಹಾಕುವುದು ಬೇಡ. ನೀರು ಸಾಲದಿದ್ದರೆ ಅದೇ ಒಳಗೆ ಗಡ್ಡೆ ಕಟ್ಟುತ್ತದೆ. ಹಾಲು ಸಾರು ಎಲ್ಲ ಸೇರಿ ದಿನಕ್ಕೆ ಒಂದು, ಒಂದೂಕಾಲು ಲೀಟರ್ ದ್ರವ ಸಾಕು. ಹೆಚ್ಚು ಕುಡಿಸಿದರೆ ಉಚ್ಚೆ ಹೆಚ್ಚಾಗುತ್ತದೆಯೇ ಹೊರತು ಮಲ ಮೆತ್ತಗಾಗುವುದಿಲ್ಲ.

ಪ್ರಶ್ನೆ: ಐದು ವರ್ಷದ ಮಗನಿಗೆ ಎರಡು ತಿಂಗಳಿಂದ ಭೇದಿ ನಿಲ್ಲುತ್ತಿಲ್ಲ. ದಿನಕ್ಕೆ ನಾಲ್ಕೈದು ಸಲ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ. ಗೊತ್ತೇ ಆಗಲಿಲ್ಲ ಅನ್ನುತ್ತಾನೆ. ಹೊಡೆದೂ ಆಯಿತು, ಭೇದಿ ನಿಲ್ಲುವ ಔಷಧವೂ ಆಯಿತು. (ವಿಜಯಪುರ)

ಎರಡನ್ನೂ ಇಂದೇ ನಿಲ್ಲಿಸಿ. ಅವನು ಸುಳ್ಳು ಹೇಳುತ್ತಿಲ್ಲ, ಇದು ಬಹುಶಃ ಭೇದಿಯೂ ಅಲ್ಲ. ತಿಂಗಳುಗಟ್ಟಲೆ ತಡೆದ ಮಲ ಗುದನಾಳದಲ್ಲಿ ಉಂಡೆಗಟ್ಟಿದಾಗ ನಾಳ ಹಿಗ್ಗಿ ‘ಬಂತು’ ಎಂಬ ಅರಿವೇ ಮಂಕಾಗುತ್ತದೆ. ಮೇಲಿನಿಂದ ಬರುವ ತೆಳು ಮಲ ಉಂಡೆಯ ಸುತ್ತ ಸಂದಿಯಲ್ಲಿ ಜಿನುಗುತ್ತದೆ. ಭೇದಿ ನಿಲ್ಲಿಸುವ ಔಷಧ ಆ ಉಂಡೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ವೈದ್ಯರು ಹೊಟ್ಟೆ ಮುಟ್ಟಿ ನೋಡಿದರೆ ಸಾಮಾನ್ಯವಾಗಿ ಎಡಭಾಗದ ಕೆಳಗೆ ಉಂಡೆ ಕೈಗೆ ಸಿಗುತ್ತದೆ. ತುಂಬಿದ ಗುದನಾಳ ಮೂತ್ರಕೋಶವನ್ನೂ ಒತ್ತುವುದರಿಂದ ಹಾಸಿಗೆ ಒದ್ದೆಯಾಗುವುದು, ಉಚ್ಚೆ ಉರಿ ಜೊತೆಗಿರಬಹುದು, ಕೇಳಿದರೆ ಹೇಳಿ.

ಮೊದಲು ಉಂಡೆ ಹೊರಬರಬೇಕು. ವೈದ್ಯರ ಉಸ್ತುವಾರಿಯಲ್ಲಿ ಅದೇ ಪಾಲಿಎಥಿಲೀನ್ ಗ್ಲೈಕಾಲ್ ದೊಡ್ಡ ಪ್ರಮಾಣದಲ್ಲಿ: ದಿನಕ್ಕೆ ಕೆ.ಜಿ.ಗೆ 1 ರಿಂದ 1.5 ಗ್ರಾಂ, ಮೂರರಿಂದ ಆರು ದಿನ. 18 ಕೆ.ಜಿ. ಮಗುವಿಗೆ ದಿನಕ್ಕೆ 18 ರಿಂದ 27 ಗ್ರಾಂ. 250 ರಿಂದ 400 ಮಿ.ಲೀ. ನೀರಿನಲ್ಲಿ ಪೂರ್ತಿ ಕರಗಿಸಿ ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಸಬೇಕು. ಆ ದಿನಗಳಲ್ಲಿ ಚಡ್ಡಿ ಕೊಳೆಯಾಗುವುದು ಹೆಚ್ಚುತ್ತದೆ, ಆದ್ದರಿಂದ ಶಾಲೆಗೆ ರಜೆ ಇರುವಾಗ ಮಾಡಿ. ಗಟ್ಟಿ ತುಂಡುಗಳು ನಿಂತು ಬರೀ ಕಂದು ನೀರು ಬಂದರೆ ಮುಗಿಯಿತು. ಮರುದಿನದಿಂದಲೇ ಮೇಲಿನ ಉತ್ತರದಲ್ಲಿ ಹೇಳಿದ ದಿನನಿತ್ಯದ ಪ್ರಮಾಣ. ಖಾಲಿ ಮಾಡಿ ಸುಮ್ಮನಾದರೆ ವಾರಗಳಲ್ಲಿ ಮತ್ತೆ ತುಂಬುತ್ತದೆ. ಹಿಗ್ಗಿದ ನಾಳ ಹಳೆಯ ಅಳತೆಗೆ ಮರಳಲು ಹಲವು ತಿಂಗಳು ಬೇಕು. ಉಂಡೆ ಇರುವಾಗ ನಾರು ಹೆಚ್ಚಿಸಬೇಡಿ, ಗಾತ್ರವಷ್ಟೇ ಬೆಳೆಯುತ್ತದೆ.

ಶಾಲೆಯ ಕಕ್ಕಸಿನ ಬಗ್ಗೆ ಅವನನ್ನೇ ಕೇಳಿ. ಚಿಲಕವಿಲ್ಲ, ನೀರಿಲ್ಲ, ಗಬ್ಬು ನಾತ, ಕೈ ಎತ್ತಿದರೆ ‘ಆಮೇಲೆ’ ಎನ್ನುವ ಟೀಚರ್, ಇವುಗಳಲ್ಲಿ ಒಂದಿದ್ದರೂ ಮಗು ಸಂಜೆ ತನಕ ತಡೆಯುತ್ತದೆ. ಕೇಳಿದ ಕೂಡಲೇ ಬಿಡಬೇಕೆಂದು ವೈದ್ಯರ ಚೀಟಿ ತಂದುಕೊಡಿ, ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಡಿ. ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಎಬ್ಬಿಸಿದರೆ ತಿಂಡಿಯ ನಂತರ ಕೂರಲು ಸಮಯ ಸಿಗುತ್ತದೆ. ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ ಯಾರಿಗೂ ಆಗುವುದಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಾಲ್ಕು ವರ್ಷದ ಮಗಳಿಗೆ ಡಾಕ್ಟರು ಮಿರಾಲ್ಯಾಕ್ಸ್ ಹೇಳಿದರು. ಡಬ್ಬಿಯ ಮೇಲೆ 17 ವರ್ಷ ಮೇಲ್ಪಟ್ಟವರಿಗೆ ಎಂದಿದೆ. ಊರಿನಲ್ಲಿ ಅಮ್ಮ ‘ಅಭ್ಯಾಸವಾಗಿಬಿಡುತ್ತದೆ’ ಎಂದು ಹೆದರಿಸುತ್ತಾರೆ.

ಮಿರಾಲ್ಯಾಕ್ಸ್ ಎಂದರೆ ಪಾಲಿಎಥಿಲೀನ್ ಗ್ಲೈಕಾಲ್ 3350, ಮೇಲೆ ಹೇಳಿದ್ದೇ ಪುಡಿ. ಡಬ್ಬಿಯ ಮಾತು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಾವೇ ಕೊಂಡು ಬಳಸುವವರಿಗೆ. ಮಕ್ಕಳಿಗೆ ಇದನ್ನು ವೈದ್ಯರ ಸಲಹೆಯಲ್ಲಿ ಬಹುಕಾಲದಿಂದ ಬಳಸುತ್ತಿದ್ದಾರೆ. 2014 ರ ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರ ಮಾರ್ಗಸೂಚಿಯೂ ಇದನ್ನೇ ಮೊದಲ ಆಯ್ಕೆ ಎನ್ನುತ್ತದೆ. ಇದು ನೀರು ಹಿಡಿದಿಡುತ್ತದೆ, ಕರುಳನ್ನು ಕೆರಳಿಸುವುದಿಲ್ಲ, ಆದ್ದರಿಂದ ಕರುಳು ಸೋಮಾರಿಯಾಗದು. ಅಭ್ಯಾಸವಾಗುವುದು ತಡೆಯುವುದು, ಔಷಧವಲ್ಲ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಯಾವ ಮಗುವನ್ನು ಮನೆಮದ್ದಿನಲ್ಲಿ ಕಾಯಿಸದೆ ಆಸ್ಪತ್ರೆಗೆ ಕಳಿಸಬೇಕು? (ರಾಯಚೂರು ಜಿಲ್ಲೆ)

ಹುಟ್ಟಿದ ಮಗು 48 ಗಂಟೆಯೊಳಗೆ ಕಪ್ಪು ಹಸಿರಿನ ಮೊದಲ ಮಲ ಹಾಕದಿದ್ದರೆ. ಹೆಚ್ಚಿನ ಮಕ್ಕಳು 24 ಗಂಟೆಯಲ್ಲೇ ಹಾಕುತ್ತಾರೆ. ತಡವಾದಾಗ ನೆನಪಿಗೆ ಬರಬೇಕಾದದ್ದು ಹಿರ್ಷ್‌ಸ್ಪ್ರಂಗ್ ಕಾಯಿಲೆ. ಸುಮಾರು 5,000 ಮಕ್ಕಳಲ್ಲಿ ಒಬ್ಬರಿಗೆ, ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ. ಆ ಭಾಗ ಸಡಿಲಗೊಳ್ಳದು, ಮೇಲಿನದು ಉಬ್ಬುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಇಂಥ ಮಗುವಿಗೆ ಜ್ವರ, ಹೊಟ್ಟೆ ಉಬ್ಬರ, ಸಿಡಿದು ಬರುವ ನಾರುವ ಭೇದಿ ಒಟ್ಟಿಗೆ ಬಂದರೆ ಪ್ರಾಣಾಪಾಯ.

ಮೊದಲ ತಿಂಗಳಿಂದಲೇ ಮಲಬದ್ಧತೆ ಇದ್ದರೆ, ಹಸಿರು ವಾಂತಿಯಾದರೆ, ಹೊಟ್ಟೆ ಡೊಳ್ಳಾಗಿ ಬಿಗಿದರೆ, ಮಲ ರಿಬ್ಬನ್ನಿನಂತೆ ತೆಳುವಾಗಿ ಬಂದರೆ, ತೂಕ ಏರದಿದ್ದರೆ ಕಳಿಸಿ. ಗುದದ್ವಾರ ಇರಬೇಕಾದ ಜಾಗದಲ್ಲಿದೆಯೇ, ಬೆನ್ನ ಕೆಳಗೆ ಕುಳಿಯೋ ಕೂದಲಿನ ಗೊಂಚಲೋ ಇದೆಯೇ, ಕಾಲಿನಲ್ಲಿ ಬಲವಿದೆಯೇ ನೋಡಿ. ಮಂಕಾಗಿ ಮಲಗಿರುವ, ನಾಲಿಗೆ ದಪ್ಪಗಿರುವ, ಹೊಕ್ಕಳು ಉಬ್ಬಿದ, ಕಾಮಾಲೆ ವಾರಗಟ್ಟಲೆ ಇಳಿಯದ ಶಿಶುವಿಗೆ ಥೈರಾಯ್ಡ್ ಪರೀಕ್ಷೆ ಅದೇ ದಿನ ಆಗಬೇಕು. ತಡವಾದರೆ ಬುದ್ಧಿಯ ಬೆಳವಣಿಗೆಗೆ ಪೆಟ್ಟು.

ಪ್ರಶ್ನೆ: ಅಂಗನವಾಡಿಯಲ್ಲಿ ಕೊಟ್ಟ ಕಬ್ಬಿಣದ ಸಿರಪ್ ಶುರುಮಾಡಿದ ಮೇಲೆ ಮಲ ಕಪ್ಪಾಗಿದೆ. ನಿಲ್ಲಿಸಲೇ? (ಕೊಪ್ಪಳ)

ಬೇಡ. ಹೀರಿಕೊಳ್ಳದೆ ಉಳಿದ ಕಬ್ಬಿಣದ ಬಣ್ಣ ಅದು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ., ಅಂದರೆ 20 ಮಿ.ಗ್ರಾಂ ಕಬ್ಬಿಣ, ಆ ಪ್ರಮಾಣಕ್ಕೆ ಹೊಟ್ಟೆ ಕಟ್ಟುವುದು ಅಪರೂಪ. ಮಲ ಕಪ್ಪಗಿರುವ ಜೊತೆಗೆ ಡಾಂಬರಿನಂತೆ ಅಂಟಂಟಾಗಿ, ವಿಪರೀತ ನಾತ ಬಂದರೆ ಮಾತ್ರ ಅದೇ ದಿನ ತೋರಿಸಿ, ಅದು ರಕ್ತವಿರಬಹುದು.